ಹೃದಯ ರಿಪೇರಿಗೆ ಕ್ಯಾನ್ಸರ್ ಜೀನ್?

2025ರ ಮೇ ಕೊನೆಯಿಂದ ಸುಮಾರು 40 ದಿನ ನಮ್ಮ ಹಾಸನ ಜಿಲ್ಲೆಯಲ್ಲಿ ಹೃದಯಾಘಾತದ್ದೇ ಸುದ್ದಿ. 20ಕ್ಕೂ ಹೆಚ್ಚು ಸಾವು. ಇಪ್ಪತ್ತರ ಆಸುಪಾಸಿನವರೂ ಇದ್ದರು. ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದಿಂದ ಕಾಲೇಜಿಗೆ ಬರುವ ಗೆಳೆಯರು ‘ಇಸಿಜಿ ಮಾಡಿಸಿದ್ಯಾ?’ ಎಂದೇ ಮಾತು ಶುರು ಮಾಡುತ್ತಿದ್ದರು. ಸತ್ತವರ ಲೆಕ್ಕ ಎಲ್ಲರ ಬಾಯಲ್ಲೂ ಇತ್ತು. ಬದುಕಿ ಉಳಿದವರ ಹೃದಯ ಏನಾಗುತ್ತದೆ? ಬಿಇ ಓದುವ ನನಗೆ ಅದೇ ಕುತೂಹಲ.

ಚರ್ಮ ತರಚಿದರೆ ಮತ್ತೆ ಬೆಳೆಯುತ್ತದೆ. ಹೃದಯದ ಸ್ನಾಯುಕೋಶ ಹಾಗಲ್ಲ. 25ರ ಹರೆಯದಲ್ಲೂ ವರ್ಷಕ್ಕೆ ಹೊಸದಾಗುವುದು ಶೇ 1ರಷ್ಟು ಮಾತ್ರ. ದೊಡ್ಡ ಹೃದಯಾಘಾತದಲ್ಲಿ ಸುಮಾರು 100 ಕೋಟಿ ಕೋಶಗಳು ಸಾಯಬಹುದು. ಆ ಜಾಗದಲ್ಲಿ ಉಳಿಯುವುದು ಮಿಡಿಯದ ಕಲೆ. ಕ್ಯಾನ್ಸರ್ ಕೋಶದ್ದು ಇದಕ್ಕೆ ತದ್ವಿರುದ್ಧ, ಅದಕ್ಕೆ ವಿಭಜನೆ ನಿಲ್ಲಿಸುವುದೇ ಗೊತ್ತಿಲ್ಲ. (ಹೃದಯಕ್ಕೆ ಕ್ಯಾನ್ಸರ್ ಬರುವುದು ಬಲು ಅಪರೂಪ, ಗಮನಿಸಿದ್ದೀರಾ?)

ಆ ಚುರುಕನ್ನು ಹೃದಯಕ್ಕೆ ಸ್ವಲ್ಪ ಸಾಲ ಕೊಟ್ಟರೆ? 2018ರಲ್ಲಿ ಅಮೆರಿಕದ ಗ್ಲ್ಯಾಡ್‌ಸ್ಟೋನ್ ಸಂಸ್ಥೆಯ ದೀಪಕ್ ಶ್ರೀವಾಸ್ತವ ತಂಡ, ಕ್ಯಾನ್ಸರ್ ಸಂಶೋಧಕರಿಗೆ ಚಿರಪರಿಚಿತವಾದ ಸೈಕ್ಲಿನ್ ಡಿ1, ಸಿಡಿಕೆ4 ಸೇರಿ ನಾಲ್ಕು ಜೀನ್‌ಗಳನ್ನು ಒಟ್ಟಿಗೆ ಬಳಸಿತು. ಶೇ 15–20ರಷ್ಟು ಹೃದಯಕೋಶಗಳು ವಿಭಜನೆಯಾದವು. ಇಲಿಗಳ ಹೃದಯ ಚೇತರಿಸಿಕೊಂಡಿತು.

ಮರುವರ್ಷ ಮೌರೊ ಜಿಯಾಕಾ ತಂಡ, ಕೋಶ ವಿಭಜನೆಗೆ ಚುರುಕು ಕೊಡುವ ಮೈಕ್ರೋ ಆರ್‌ಎನ್‌ಎಯ ಜೀನನ್ನು ಹಂದಿಗಳ ಹೃದಯಕ್ಕೆ ಸೇರಿಸಿತು. ತಿಂಗಳಲ್ಲಿ ಕಲೆ ಕುಗ್ಗಿತು. ಆದರೆ ಜೀನ್ ಕೆಲಸ ನಿಲ್ಲಿಸಲಿಲ್ಲ. ಹೆಚ್ಚಿನ ಹಂದಿಗಳು ಹೃದಯದ ಲಯ ತಪ್ಪಿ ಸತ್ತವು. ಆಫ್ ಸ್ವಿಚ್ ಇಲ್ಲದ ಮೋಟರಿನ ಕಥೆ! ಎಂಜಿನಿಯರಿಂಗ್‌ನವರಿಗೂ ಇಲ್ಲಿ ಕೆಲಸವಿದೆ ಅನ್ನಿಸಿದ್ದು ಆಗಲೇ. ಕೋವಿಡ್ ಲಸಿಕೆಯಂತೆ, ಕೆಲವೇ ದಿನಗಳಲ್ಲಿ ಕರಗಿಹೋಗುವ ಆರ್‌ಎನ್‌ಎ ರೂಪದಲ್ಲಿ ಕೊಡುವ ಪ್ರಯತ್ನಗಳೂ ನಡೆದಿವೆ.

ಅದು ಆಸ್ಪತ್ರೆಗೆ ಬರುವ ತನಕ ಎದೆನೋವು ಕಾಯುವುದಿಲ್ಲ. ‘ಡಾ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ’ ಯೋಜನೆಯಡಿ ತಾಲ್ಲೂಕು ಆಸ್ಪತ್ರೆಯಲ್ಲೇ ಇಸಿಜಿ, ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದು ಉಚಿತ.