ಯೆರವಡೆಯಲ್ಲಿ ನೋಡುವಂಥದ್ದೇನಿದೆ?

ಊರಿನಿಂದ ಬಂಧುಗಳು ಬಂದರೆಂದರೆ ಪುಣೆಯ ಕನ್ನಡ ಮನೆಗಳಲ್ಲಿ ಒಂದು ಯಾದಿ ಸಿದ್ಧವಾಗಿಯೇ ಇರುತ್ತದೆ. ಶನಿವಾರವಾಡಾ, ಪರ್ವತಿ, ಸಿಂಹಗಡ, ಹೆಣ್ಣುಮಕ್ಕಳಿಗಾಗಿ ತುಳಸೀಬಾಗದ ಪೇಟೆ. ವೇಳೆ ಉಳಿದರೆ ಆಳಂದಿಯ ಜ್ಞಾನೇಶ್ವರರ ದರ್ಶನ. ಇಷ್ಟಾದ ಮೇಲೆ ಬಂದವರಲ್ಲಿ ಯಾರಾದರೂ, "ನೀವಿರುವ ಈ ಯೆರವಡೆಯಲ್ಲಿ ನೋಡುವಂಥದ್ದೇನಿದೆ?" ಎಂದು ಕೇಳಿದರೆ ನಮಗೆ ಉತ್ತರವೇ ಹೊಳೆಯುವುದಿಲ್ಲ. "ಒಂದು ಸೆರೆಮನೆ, ಒಂದು ಮಾನಸಿಕ ರೋಗಿಗಳ ಆಸ್ಪತ್ರೆ. ಎರಡಕ್ಕೂ ಹೋಗುವ ಪ್ರಸಂಗ ನಿಮಗೆ ಬರದಿರಲಿ" ಎಂದು ನಕ್ಕು ಮಾತು ಮುಗಿಸಿಬಿಡುತ್ತೇವೆ.

ಕಲೆ, ಸಂಗೀತ, ಪ್ರದರ್ಶನ ಎಂದರೆ ಅವೆಲ್ಲ ಹೊಳೆಯ ಆಚೆ ದಂಡೆಯ ಬಾಬತ್ತು ಎಂದು ನಾವು ತೀರ್ಮಾನಿಸಿಕೊಂಡಿದ್ದೇವೆ. ಅದರಲ್ಲಿ ಸತ್ಯವಿಲ್ಲವೆಂದಲ್ಲ. 1968ರಲ್ಲಿ ಆರಂಭವಾದ ಬಾಲಗಂಧರ್ವ ರಂಗಮಂದಿರ ಆಚೆಗೇ ಇದೆ. ನಮ್ಮ ಗದಗಿನ ಭೀಮಸೇನ ಜೋಶಿಯವರು ತಮ್ಮ ಗುರುಗಳಾದ ಕುಂದಗೋಳದ ಸವಾಯಿ ಗಂಧರ್ವರ ನೆನಪಿಗೆಂದು 1953ರಲ್ಲಿ ಆರಂಭಿಸಿದ ಸಂಗೀತೋತ್ಸವವೂ ಪುಣೆಯ ಹೆಮ್ಮೆಯೇ. ಧಾರವಾಡ ಸೀಮೆಯ ಗುರುಶಿಷ್ಯರ ಹೆಸರಿನಲ್ಲಿ ಮರಾಠಿ ನಗರವೊಂದು ಇಷ್ಟು ವರ್ಷ ಚಳಿಯಲ್ಲಿ ಕುಳಿತು ಹಾಡು ಕೇಳುತ್ತ ಬಂದಿದೆಯೆಂದರೆ ಅದು ಸಣ್ಣ ಮಾತಲ್ಲ. ಆದರೆ ಕೈಗೂಸಿದ್ದವರು, ವಯಸ್ಸಾದ ತಂದೆತಾಯಿಗಳನ್ನು ಇಟ್ಟುಕೊಂಡವರು, ದಿನಗೂಲಿಯವರು ವರ್ಷಕ್ಕೆ ಎಷ್ಟು ಸಲ ಹೊಳೆ ದಾಟಿ ಹೋಗಲಾದೀತು? ಆದ್ದರಿಂದ ಈ ಲೇಖನದಲ್ಲಿ ನಾನು ಹೇಳಹೊರಟಿರುವುದು ಹೊಳೆಯ ಈಚೆಯ ಮಾತು. ಕಾಲ್ನಡಿಗೆಯಲ್ಲಿ, ಹೆಚ್ಚೆಂದರೆ ಒಂದು ರಿಕ್ಷಾದ ದೂರದಲ್ಲಿ, ನಮ್ಮ ಪಾಲಿಗಿರುವ ಪ್ರದರ್ಶನಗಳ ಮಾತು.

ಮೊದಲನೆಯದು ಎಲ್ಲರೂ ಬಲ್ಲ ಆಗಾಖಾನ ಅರಮನೆ. ನಗರ ರಸ್ತೆಯ ಮೇಲೆ ಬಸ್ಸಿನಲ್ಲಿ ಹೋಗುವಾಗ ದಿನವೂ ಅದರ ಗೋಡೆಯನ್ನು ನೋಡುತ್ತೇವೆ. 1892ರಲ್ಲಿ ಮೂರನೆಯ ಆಗಾಖಾನರು ಬರದಿಂದ ಕಂಗೆಟ್ಟ ಸುತ್ತಲಿನ ಜನರಿಗೆ ಕೆಲಸ ಸಿಗಲೆಂದು ಕಟ್ಟಿಸಿದ ಮನೆಯಿದು. 1942ರ ಆಗಸ್ಟಿನಲ್ಲಿ ಸರಕಾರ ಇದನ್ನೇ ಬಂದೀಖಾನೆಯಾಗಿ ಮಾಡಿ ಗಾಂಧೀಜಿಯವರನ್ನೂ ಅವರ ಸಂಗಡಿಗರನ್ನೂ ಇಟ್ಟಿತು. ಮಹಾದೇವ ದೇಸಾಯಿಯವರು ಬಂದ ವಾರದೊಳಗೇ, ಆಗಸ್ಟ್ 15ರಂದು, ತೀರಿಕೊಂಡರು. ಕಸ್ತೂರಬಾ 1944ರ ಫೆಬ್ರವರಿ 22ರಂದು ಇಲ್ಲಿಯೇ ಕಣ್ಣು ಮುಚ್ಚಿದರು. ಇಬ್ಬರ ಸಮಾಧಿಗಳೂ ತೋಟದ ಹಿಂಬದಿಗೆ ಇವೆ. 1969ರಲ್ಲಿ ಆಗಾಖಾನ ಮನೆತನದವರು ಈ ಅರಮನೆಯನ್ನು ದೇಶಕ್ಕೆ ಕೊಟ್ಟರು. ಒಳಗೆ ಚಿತ್ರಗಳಿವೆ, ಅವರು ಬಳಸಿದ ವಸ್ತುಗಳಿವೆ. ನನ್ನ ಅಭಿಪ್ರಾಯದಲ್ಲಿ ಅಲ್ಲಿ ನೋಡಬೇಕಾದದ್ದು ದೊಡ್ಡ ದೊಡ್ಡ ಚಿತ್ರಪಟಗಳನ್ನಲ್ಲ, ಕೋಣೆಗಳನ್ನು. ಅಷ್ಟೊಂದು ಎತ್ತರದ ಕಮಾನುಗಳ ನಡುವೆ ಅಷ್ಟೊಂದು ಕಡಿಮೆ ಸಾಮಾನು ಇಟ್ಟುಕೊಂಡು ಬದುಕಿದ ಜನರನ್ನು ಮಕ್ಕಳಿಗೆ ತೋರಿಸಬೇಕು.

ಎರಡನೆಯದು ಸೆರೆಮನೆಗೆ ಸಂಬಂಧಿಸಿದ್ದು. 1871ರ ಈ ಕಟ್ಟಡಕ್ಕೆ ಗಾಂಧೀಜಿ "ಮಂದಿರ" ಎಂದು ಹೆಸರಿಟ್ಟಿದ್ದರು. 1930ರಲ್ಲಿ ಇಲ್ಲಿಂದ ಆಶ್ರಮವಾಸಿಗಳಿಗೆ ಬರೆದ ಪತ್ರಗಳು ಯೆರವಡಾ ಮಂದಿರದ ಹೆಸರಿನಿಂದಲೇ ಪುಸ್ತಕವಾದುವು. ಪೆಟ್ಟಿಗೆಯಲ್ಲಿ ಮಡಚಿಡಬಹುದಾದ ಚರಕವೂ ಇಲ್ಲಿಯ ವಾಸದಲ್ಲೇ ರೂಪುಗೊಂಡು "ಯೆರವಡಾ ಚಕ್ರ" ಎನಿಸಿಕೊಂಡಿತು. 1932ರ ಸೆಪ್ಟೆಂಬರ್ 24ರ ಪುಣೆ ಒಪ್ಪಂದದ ಕಥೆ ಶಾಲೆಯ ಪುಸ್ತಕದಲ್ಲಿಯೇ ಇದೆ. ಇವೆಲ್ಲ ಹಳೆಯ ಮಾತಾದುವು. ಇಂದಿಗೂ ಕೈದಿಗಳು ನೇಯ್ದ ಜಮಖಾನೆ, ಚಾದರ, ಟವಲುಗಳು, ಬಡಗಿ ಕೆಲಸದ ಕುರ್ಚಿ-ಮಣೆಗಳು ಹೊರಗೆ ಮಾರಾಟಕ್ಕೆ ಬರುತ್ತವೆ. ದೀಪಾವಳಿಯ ಸುಮಾರಿಗೆ ಅವುಗಳ ಪ್ರದರ್ಶನವೂ ನಡೆಯುತ್ತದೆ. ಕೈಗಾರಿಕೆಯ ದೃಷ್ಟಿಯಿಂದ ಈ ಸಾಮಾನು ಬಹಳ ಗಟ್ಟಿಯಾದದ್ದು. ಆದರೆ ನೇಯ್ದವನ ಹೆಸರು ಮಾತ್ರ ಯಾವುದರ ಮೇಲೂ ಇರುವುದಿಲ್ಲ. ಇದ್ದರೆ ಕೊಳ್ಳುವವರು ಕೊಳ್ಳುತ್ತಿದ್ದರೋ ಬಿಡುತ್ತಿದ್ದರೋ, ಆ ಮಾತು ಬೇರೆ.

ಮೂರನೆಯದು ಡೆಕ್ಕನ್ ಕಾಲೇಜು. ಇದನ್ನು ಕುರಿತು ತುಸು ವಿಸ್ತಾರವಾಗಿಯೇ ಬರೆಯಬೇಕಾಗಿದೆ. ಏಕೆಂದರೆ ಇದು ಪರರ ಮನೆಯೆಂದು ತಿಳಿದು ನಾವು ಒಳಗೇ ಹೋಗುವುದಿಲ್ಲ. ನಮ್ಮ ಮನೆಯ ಅತ್ಯಂತ ಹಳೆಯ ಸಾಮಾನಿನ ಕಥೆ ಇರುವುದು ಮಾತ್ರ ಅಲ್ಲಿಯೇ.

1821ರಲ್ಲಿ ಊರೊಳಗೆ ಸಂಸ್ಕೃತ ಪಾಠಶಾಲೆಯಾಗಿ ಹುಟ್ಟಿದ ಈ ಸಂಸ್ಥೆ 1868ರ ವೇಳೆಗೆ ಯೆರವಡೆಯ ಈ ಕಲ್ಲಿನ ಕಟ್ಟಡಕ್ಕೆ ಬಂತು. ಲೋಕಮಾನ್ಯ ಟಿಳಕರು ಇಲ್ಲಿಯ ವಿದ್ಯಾರ್ಥಿ. 1934ರಲ್ಲಿ ಸರಕಾರ ಕಾಲೇಜನ್ನು ಮುಚ್ಚಿತು. 1939ರಲ್ಲಿ ಅದು ಸಂಶೋಧನ ಸಂಸ್ಥೆಯಾಗಿ ಮತ್ತೆ ಬಾಗಿಲು ತೆರೆಯಿತು. ಆ ವರ್ಷವೇ ಇಲ್ಲಿಗೆ ಬಂದ ಹಸಮುಖ ಸಾಂಕಳಿಯಾ ಅವರು ಭಾರತದ ಪ್ರಾಕ್ತನಶಾಸ್ತ್ರಕ್ಕೆ ಒಂದು ಪೀಠವನ್ನೇ ಕಟ್ಟಿದರು. ಆಳಂದಿ ರಸ್ತೆಯಲ್ಲಿ ಹೋಗುವವರಿಗೆ ಮರಗಳ ಮರೆಯಲ್ಲಿ ಕಾಣುವ ಆ ಗೋಪುರದ ಕೆಳಗೆ ನಡೆಯುತ್ತಿದ್ದ ವಿಚಾರಗಳಲ್ಲಿ ಎಷ್ಟೊಂದು ಪಾಲು ಕನ್ನಡ ನೆಲದ್ದೆಂಬುದನ್ನು ವಾಚಕರು ಗಮನಿಸಬೇಕು. ಬಳ್ಳಾರಿಯ ಹತ್ತಿರದ ಸಂಗನಕಲ್ಲಿನ ಗುಡ್ಡಗಳಲ್ಲಿ ಅಗೆದು ಬಿ. ಸುಬ್ಬರಾವ್ ಅವರು ಬರೆದ ಬಳ್ಳಾರಿಯ ಶಿಲಾಯುಗದ ಪುಸ್ತಕವನ್ನು 1948ರಲ್ಲಿ ಈ ಕಾಲೇಜೇ ಪ್ರಕಟಿಸಿತು. ತೆಕ್ಕಲಕೋಟೆಯ ಬೆಟ್ಟದ ಮೇಲೆ ವಾಸವಾಗಿದ್ದ ನವಶಿಲಾಯುಗದ ಜನರ ಕುರಿತು ಎಂ. ಎಸ್. ನಾಗರಾಜರಾಯರು ಮತ್ತು ಕೆ. ಸಿ. ಮಲ್ಹೋತ್ರಾ ಅವರು ಬರೆದ ಗ್ರಂಥ 1965ರಲ್ಲಿ ಹೊರಬಿದ್ದದ್ದೂ ಇಲ್ಲಿಂದಲೇ.

ಇವೆರಡಕ್ಕಿಂತ ಮಿಗಿಲಾದದ್ದು ಸುರಪುರದ ಕಥೆ. ಕೃಷ್ಣಾ ಭೀಮಾ ಹೊಳೆಗಳ ನಡುವಿನ ಈ ಸೀಮೆಯ ಕಲ್ಗೋರಿಗಳನ್ನು ಹತ್ತೊಂಬತ್ತನೆಯ ಶತಮಾನದಲ್ಲಿಯೇ ಮೆಡೋಸ್ ಟೇಲರ್ ಸಾಹೇಬರು ಲೋಕಕ್ಕೆ ತಿಳಿಸಿದ್ದರು. 1960ರ ದಶಕದಿಂದ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯನವರು ಅದೇ ಸೀಮೆಯಲ್ಲಿ ತಿರುಗಾಡಿ, ಹುಣಸಗಿ ಮತ್ತು ಬೈಚಬಾಳದ ಕಣಿವೆಗಳಲ್ಲಿ ಹಳೆಯ ಶಿಲಾಯುಗದ ನೆಲೆಗಳನ್ನು ಒಂದೊಂದಾಗಿ ಗುರುತಿಸುತ್ತ ಹೋದರು. ಹುಣಸಗಿಯ ಹತ್ತಿರದ ಇಸಾಂಪುರದಲ್ಲಿ ಕೊನೆಗೆ ಸಿಕ್ಕಿದ್ದು ಒಂದು ಕಾರಖಾನೆ ಎನ್ನಬೇಕು. ಸುಣ್ಣಗಲ್ಲಿನ ಚಪ್ಪಡಿಗಳನ್ನು ನೆಲದಿಂದ ಎಬ್ಬಿಸಿ, ಗುಂಡುಗಲ್ಲಿನಿಂದ ಬಡಿದು, ಚಕ್ಕೆ ತೆಗೆದು, ಕೈಗೊಡಲಿ ಮಾಡಿಕೊಳ್ಳುತ್ತಿದ್ದ ಸ್ಥಳ. ಬಡಿದ ಗುಂಡು, ಹಾರಿದ ಚಕ್ಕೆ, ಅರ್ಧಕ್ಕೆ ಬಿಟ್ಟ ಕಲ್ಲು ಎಲ್ಲವೂ ಅಲ್ಲಲ್ಲೇ ಉಳಿದಿದ್ದುವು. ಅಲ್ಲಿ ಸಿಕ್ಕ ಪ್ರಾಣಿಗಳ ಹಲ್ಲನ್ನು ಪರೀಕ್ಷಿಸಿ 2002ರಲ್ಲಿ ಪ್ರಕಟಿಸಿದ ಕಾಲ ಸುಮಾರು 12 ಲಕ್ಷ ವರ್ಷ! ನಮ್ಮ ರಾಮಾಯಣ ಮಹಾಭಾರತಗಳ ಲೆಕ್ಕ ಅಲ್ಲಿಗೆ ಮುಟ್ಟುವುದೇ ಇಲ್ಲ.

ಸುರಪುರದ ಕಡೆಯದೇ ಆದ ಬೂದಿಹಾಳದ ಮಾತೂ ಇದೆ. ಊರಿನ ಹೆಸರಿನಲ್ಲಿಯೇ ಬೂದಿಯಿದೆ. ಬಳ್ಳಾರಿ, ರಾಯಚೂರು ಸೀಮೆಗಳಲ್ಲಿ ಇಂಥ ಬೂದಿದಿಬ್ಬಗಳನ್ನು ರಾಕ್ಷಸರನ್ನು ಸುಟ್ಟ ಬೂದಿಯೆಂದು ಹೇಳುವುದುಂಟು. ವಿದ್ವಾಂಸರು ಅಗೆದು ನೋಡಿದಾಗ ಅದು ದನಗಾಹಿಗಳು ಕೊಟ್ಟಿಗೆಯ ಸಗಣಿಯನ್ನು ಒಟ್ಟಿ ಸುಟ್ಟದ್ದೆಂದು ಗೊತ್ತಾಯಿತು. 1989ರಿಂದ ಎಂಟು ವರ್ಷಗಳ ಉತ್ಖನನದಲ್ಲಿ ಬೂದಿಹಾಳದಲ್ಲಿ ದನದ ದೊಡ್ಡಿ, ಜನವಸತಿ, ಕಲ್ಲಿನ ಅಲಗು ಮಾಡುವ ಜಾಗ ಎಲ್ಲವೂ ಕಂಡುವು. ನಾಲ್ಕು ಸಾವಿರ ವರ್ಷಗಳಷ್ಟು ಹಿಂದಿನ ಕನ್ನಡ ಸೀಮೆಯ ಗೌಳಿಗರು! ಅವರ ಭಾಷೆ ಯಾವುದಿತ್ತೋ, ಆ ಮಾತು ಈಗ ಬೇಡ.

ಕಾಲೇಜಿನ ಆವರಣದಲ್ಲಿ ಪ್ರಾಕ್ತನ ವಸ್ತುಗಳ ಸಂಗ್ರಹಾಲಯವಿದೆ. ಮರಾಠರ ಇತಿಹಾಸದ ಸಂಗ್ರಹಾಲಯ ಬೇರೆ ಇದೆ. ಸೂಟಿಯ ದಿನ ಮುಚ್ಚಿರಬಹುದಾದ್ದರಿಂದ ಹೋಗುವ ಮೊದಲು ವಿಚಾರಿಸಿಕೊಂಡು ಹೋಗುವುದು ಒಳ್ಳೆಯದು. ಮಕ್ಕಳಿಗೆ ಅಲ್ಲಿ ಗಾಜಿನ ಪೆಟ್ಟಿಗೆಯೊಳಗಿನ ಕಲ್ಲು ಬರೀ ಕಲ್ಲಾಗಿಯೇ ಕಂಡೀತು. ಅದರ ಒಂದು ಬದಿ ಅಂಗೈಯಲ್ಲಿ ಕೂಡುವಂತೆ ಹೇಗೆ ಉರುಟಾಗಿದೆ, ಇನ್ನೊಂದು ಬದಿ ಹೇಗೆ ಮೊನಚಾಗಿದೆ ಎಂದು ನೀವೇ ಕೈಸನ್ನೆ ಮಾಡಿ ತೋರಿಸಬೇಕು.

ಇನ್ನು ನನ್ನನ್ನು ಬಹಳ ದಿನದಿಂದ ಕಾಡುತ್ತಿದ್ದ ಸಂಗತಿ. ಪುಣೆಯಲ್ಲಿ ಏಳುತ್ತಿರುವ ಕಟ್ಟಡಗಳ ಬುಡದಲ್ಲಿ ಕಲ್ಲು, ಮಣ್ಣು, ಸಿಮೆಂಟು ಹೊರುವವರಲ್ಲಿ ಯಾದಗಿರಿ, ಕಲಬುರಗಿ, ವಿಜಯಪುರ ಜಿಲ್ಲೆಗಳ ನಮ್ಮ ಜನ ಎಷ್ಟೋ ಮಂದಿ. ಸುರಪುರ, ಶಹಾಪುರ, ಹುಣಸಗಿಯ ಕಡೆಯವರು ಯೆರವಡೆಯ ಸುತ್ತಲ ವಸತಿಗಳಲ್ಲಿಯೂ ಇದ್ದಾರೆ. ಅವರ ಹೊಲದ ಬದುವಿನಲ್ಲಿ ಸಿಕ್ಕ ಕಲ್ಲಿನ ಮೇಲೆ ಪಂಡಿತರು ಗ್ರಂಥ ಬರೆದ ಸ್ಥಳಕ್ಕೂ ಅವರು ಇಂದು ಕಲ್ಲು ಹೊರುವ ಸ್ಥಳಕ್ಕೂ ಒಂದು ರಸ್ತೆಯ ಅಂತರ. ಆದರೆ ಅವರು ಸಂಗ್ರಹಾಲಯಕ್ಕೂ ಹೋಗುವುದಿಲ್ಲ, ನಮ್ಮ ಸಮಾರಂಭಗಳಿಗೂ ಬರುವುದಿಲ್ಲ. ಕಚೇರಿ, ಬ್ಯಾಂಕು, ಕಂಪನಿಗಳಲ್ಲಿರುವ ನಾವು ರಾಜ್ಯೋತ್ಸವಕ್ಕೆ ಧ್ವಜ ಹಾರಿಸಿ, ಭಾಷಣ ಕೇಳಿ, ಉಪ್ಪಿಟ್ಟು ತಿಂದು ಬರುತ್ತೇವೆ. ಹೊರಗೆ ಮಂಟಪದ ಕಂಬ ನಿಲ್ಲಿಸಿದ ಆಳು ಕನ್ನಡದವನೇ ಆಗಿದ್ದರೂ ಒಳಗೆ ಬರುವುದಿಲ್ಲ. ಬಾ ಎಂದರೂ, "ಬ್ಯಾಡ್ರಿ, ಬಟ್ಟಿ ಹೊಲಸು ಅದಾವ" ಎನ್ನುತ್ತಾನೆ.

ಹೋದ ವರ್ಷ ನವೆಂಬರಿನಲ್ಲಿ ನಾವು ನಾಲ್ಕಾರು ಕುಟುಂಬದವರು ಸೇರಿ ಒಂದು ಚಿಕ್ಕ ಪ್ರದರ್ಶನ ಮಾಡಿದೆವು. ಚಿಕ್ಕದೆಂದರೆ ನಿಜವಾಗಿಯೂ ಚಿಕ್ಕದು: ಪರಿಚಿತರೊಬ್ಬರ ಮನೆಯ ಮಾಳಿಗೆಯ ಕೋಣೆ, ಎರಡು ಮಂಚ, ಒಂದು ಹಗ್ಗ. ಭಾಷಣವಿಲ್ಲ, ಅಧ್ಯಕ್ಷರಿಲ್ಲ, ಹಾರತುರಾಯಿಯಿಲ್ಲ. ಮನೆಯಲ್ಲಿ ಇದ್ದ, ಕೈಯಿಂದ ಮಾಡಿದ ಊರ ವಸ್ತುಗಳನ್ನು ತರಬೇಕೆಂದಷ್ಟೇ ಕರಾರು. ಇಳಕಲ್ ಸೀರೆಗಳು ಬಂದುವು, ಗುಳೇದಗುಡ್ಡದ ಖಣ ಬಂತು, ಕಿನ್ನಾಳದ ಬಣ್ಣದ ಗೊಂಬೆ ಒಂದು ಜೊತೆ ಬಂತು. ಧಾರವಾಡದ ಅಜ್ಜಿಯೊಬ್ಬರು ಕಸೂತಿಯ ಗವಂತಿ, ಮುರಗಿ, ನೇಯ್ಗೆ, ಮೆಂತೆ ಎಂಬ ನಾಲ್ಕೂ ಹೊಲಿಗೆಗಳನ್ನು ಒಂದೇ ಅರಿವೆಯ ಮೇಲೆ ಹಾಕಿ ತಂದರು. ಗವಂತಿ ಹೊಲಿಗೆ ಬಟ್ಟೆಯ ಎರಡೂ ಮೈಗೆ ಒಂದೇ ತೆರನಾಗಿ ಕಾಣುವುದನ್ನು ತಿರುವಿ ತಿರುವಿ ತೋರಿಸಿದರು. ಕಾಲೇಜಿಗೆ ಹೋಗುವ ಹುಡುಗಿಯರು ಸುತ್ತುವರಿದು ನಿಂತುಬಿಟ್ಟರು.

ಕೌದಿಗಳ ವಿಚಾರ ಮಾತ್ರ ನಮಗೆ ಮೊದಲು ಹೊಳೆದಿರಲಿಲ್ಲ. ನಮ್ಮಲ್ಲೊಬ್ಬರ ಮನೆಗೆ ಪಾತ್ರೆ ತಿಕ್ಕಲು ಬರುವ ಸುರಪುರ ಕಡೆಯ ಹೆಣ್ಣುಮಗಳು ಸೀರೆಗಳನ್ನು ಹಗ್ಗದ ಮೇಲೆ ಹರವುವುದನ್ನು ನೋಡಿ, "ಕೌದಿ ಇಟ್ಟರ ಆಗ್ತದೇನ್ರಿ?" ಎಂದು ಕೇಳಿದಳು. ಆಗುತ್ತದೆ ಎಂದೆವು. ಮಾರನೆಯ ದಿನ ಅವಳು, ಅವಳ ಅತ್ತಿಗೆ, ಓಣಿಯ ಇನ್ನೂ ನಾಲ್ವರು ಏಳು ಕೌದಿಗಳನ್ನು ಹೊತ್ತುಕೊಂಡು ಬಂದರು. ಹಳೆಯ ಸೀರೆ, ಧೋತರ, ಕೂಸಿನ ಅಂಗಿಗಳ ತುಂಡುಗಳನ್ನು ಪದರ ಪದರವಾಗಿ ಕೂಡಿಸಿ ಅಂಚಿನಿಂದ ನಡುವಿನವರೆಗೆ ಸಾಲುಹೊಲಿಗೆ ಹಾಕಿದ್ದು. ಬಣ್ಣ ಕೂಡಿಸಿದ ಬಗೆಯನ್ನು ನೋಡಿದರೆ ಯಾವ ಚಿತ್ರಶಾಲೆಯ ಗುರುವೂ ತಲೆದೂಗಬೇಕು. ಒಂದು ಕೌದಿಯ ನಡುವೆ ಖಾಕಿ ಚೌಕವಿತ್ತು. ಅದು ತೀರಿಕೊಂಡ ಮಾವನ ಅಂಗಿಯದಂತೆ. ಇನ್ನೊಂದರಲ್ಲಿ ಇಳಕಲ್ಲಿನ ಕೆಂಪು ಸೆರಗು. ತೊಟ್ಟಿಲಿಗೆಂದು ತಾಯಿ ಕೊಟ್ಟದ್ದು. ಯಾವ ತುಂಡು ಯಾರದೆಂದು ಅವರು ಒಂದೊಂದಾಗಿ ಹೇಳುತ್ತ ಹೋದರು. ನಾವು ಒಂದು ಕಾಗದದ ಮೇಲೆ ಹೊಲಿದವರ ಹೆಸರು, ಊರು ಬರೆದು ಪ್ರತಿಯೊಂದಕ್ಕೂ ಅಂಟಿಸಿದೆವು. ಹೆಸರು ಬರೆಯುವಾಗ ಒಬ್ಬಳು, "ನಂದು ಖರೇನ ಬರಿಯಾವ್ರೇನ್ರಿ?" ಎಂದು ಎರಡು ಸಲ ಕೇಳಿದಳು.

ನೆರೆಯ ಮರಾಠಿ ಹೆಂಗಸರೂ ಬಂದರು. ಕೌದಿಯನ್ನು ಕಂಡೊಡನೆ "ಅರೇ, ಹೀ ತರ ಗೋಧಡೀ!" ಎಂದು ತಮ್ಮ ಅಜ್ಜಿಯರ ಕಥೆ ತೆಗೆದರು. ಇಳಕಲ್ಲಿಗೆ ಅವರು ಇರಕಲಿ ಎನ್ನುತ್ತಾರೆ. ಖಣಕ್ಕೆ ಖಣವೆಂದೇ ಹೆಸರು. ಗುಳೇದಗುಡ್ಡದಲ್ಲಿ ನೇಯ್ದ ಖಣವಿಲ್ಲದೆ ಅವರಲ್ಲಿ ಎಷ್ಟೋ ಉಡಿತುಂಬುವ ಶಾಸ್ತ್ರ ನಡೆಯುತ್ತಿರಲಿಲ್ಲವೆಂಬುದು ನಮ್ಮ ಕಡೆಯ ಯುವಕರಿಗೇ ಹೊಸ ಸುದ್ದಿಯಾಯಿತು. ಗಡಿಯ ವಿಷಯವಾಗಿ ಪತ್ರಿಕೆಗಳಲ್ಲಿ ಏನೇ ಬರಲಿ, ಆ ಮಧ್ಯಾಹ್ನ ಆ ಕೋಣೆಯಲ್ಲಿ ಎರಡು ಭಾಷೆಯ ಹೆಂಗಸರು ಹೊಲಿಗೆಯ ಒಳಮೈಯನ್ನು ಹುಡುಕುವುದರಲ್ಲಿಯೇ ಮಗ್ನರಾಗಿದ್ದರು. ಗಂಡಸರು ಬಾಗಿಲಲ್ಲಿ ನಿಂತಿದ್ದರು. ಅವರಿಗೆ ಚಹಾ ಕೊಡುವ ಕೆಲಸ ಒಪ್ಪಿಸಲಾಯಿತು.

ಆ ದಿನ ಹುಣಸಗಿ ಕಡೆಯ ಒಬ್ಬ ಗೌಂಡಿಯೂ ಹೆಂಡತಿಯ ಕೌದಿ ನೋಡಲು ಬಂದಿದ್ದ. ಇಸಾಂಪುರದ ಮಾತು ತೆಗೆದಾಗ ಅವನು, "ಅಲ್ಲಿ ಸಾಹೇಬ್ರು ಕಲ್ಲ ಆರಸಾಕ ಬರ್ತಿದ್ರಂತ ನಮ್ಮಪ್ಪ ಹೇಳ್ತಿದ್ದ, ಆ ಕಲ್ಲ ಇಲ್ಲಿಗೆ ಬಂದಾವೇನು?" ಎಂದು ಆಶ್ಚರ್ಯಪಟ್ಟ. ಅವನನ್ನೂ ಅವನಂಥವರನ್ನೂ ಕರೆದುಕೊಂಡು ಡೆಕ್ಕನ್ ಕಾಲೇಜಿನ ಸಂಗ್ರಹಾಲಯಕ್ಕೆ ಒಮ್ಮೆ ಹೋಗಬೇಕೆಂದು ಗೊತ್ತುಮಾಡಿದ್ದೇವೆ. ಕೂಲಿಯ ದಿನ ತಪ್ಪಿದರೆ ಅವರಿಗೆ ಪಗಾರ ತಪ್ಪುವುದರಿಂದ ದಿನ ಕೂಡಿಸುವುದೇ ಕಷ್ಟವಾಗಿದೆ. ವಾರದ ರಜೆ ಅವರಿಗೆ ಒಂದು ದಿನ, ಸಂಗ್ರಹಾಲಯ ತೆರೆದಿರುವುದು ಇನ್ನೊಂದು ದಿನ. ಸಂಘದ ಹಿರಿಯರು ಮನಸ್ಸು ಮಾಡಿ ಒಂದು ಅರ್ಜಿ ಬರೆದರೆ ಒಂದು ದಿನದ ಮಟ್ಟಿಗೆ ಏರ್ಪಾಡು ಆಗಲಾರದೇ?

ಈ ವರ್ಷವೂ ನವೆಂಬರಿನಲ್ಲಿ ಆ ಕೋಣೆಯೇ ಸಿಗುವಂತಿದೆ. ಕೌದಿ, ಕಸೂತಿ, ಬುಟ್ಟಿ, ಬೀಸಣಿಕೆ, ಮಣ್ಣಿನ ಬಸವಣ್ಣ, ಮಕ್ಕಳ ಚಿತ್ರ ಯಾವುದಾದರೂ ಸರಿ, ಮಾಡಿದವರ ಹೆಸರಿನೊಡನೆ ತರಬೇಕು. ಕಳೆದ ಸಲ ಮೂರು ದಿನ ಇಡುವ ವಿಚಾರವಿತ್ತು, ಅದು ಆಗಲಿಲ್ಲ. ಸಂಜೆ ಆರು ಗಂಟೆಗೆ ಕೌದಿಯವರು ಬಂದು, ರಾತ್ರಿ ಮಕ್ಕಳಿಗೆ ಹೊದೆಯಲು ಬೇಕೆಂದು ಮಡಚಿಕೊಂಡು ಹೋದರು. ಆದ್ದರಿಂದ ಈ ಸಲವೂ ಪ್ರದರ್ಶನ ಒಂದೇ ದಿನ, ಬೆಳಿಗ್ಗೆ ಹತ್ತರಿಂದ ಸಂಜೆ ಆರರವರೆಗೆ.