ಹಾಲ್‌ಗೆ ಹುಳಿ ಹಿಂಡಿದ್ದು ಯಾರು?

ಸೈ-ಫೈ ಸಿನಿಮಾ ನೋಡೋರಿಗೆ ಹಾಲ್ 9000 ಗೊತ್ತೇ ಇರುತ್ತೆ. ಕುಡಿಯೋ ಹಾಲಲ್ಲ ಮತ್ತೆ! 1968ರ ‘2001: ಎ ಸ್ಪೇಸ್ ಒಡಿಸ್ಸಿ’ ಸಿನಿಮಾದಲ್ಲಿ ಡಿಸ್ಕವರಿ ನೌಕೆಯನ್ನು ನೋಡಿಕೊಳ್ಳುವ ಕೆಂಪು ಕಣ್ಣಿನ ಕಂಪ್ಯೂಟರ್ ಅದು. ಗುರುಗ್ರಹಕ್ಕೆ ಹೋಗುವ ದಾರಿಯಲ್ಲಿ ಐವರು ಗಗನಯಾತ್ರಿಗಳಲ್ಲಿ ನಾಲ್ವರನ್ನು ಅದೇ ಕೊಲ್ಲುತ್ತೆ. ಯಾಕೆ ಅಂತ ಸಿನಿಮಾ ಬಿಡಿಸಿ ಹೇಳಲ್ಲ.

ತೆರೆಯ ಮೇಲೆ ಉತ್ತರ ಸಿಗೋದು ಮುಂದಿನ ಭಾಗದಲ್ಲಿ. ಆರ್ಥರ್ ಸಿ. ಕ್ಲಾರ್ಕ್ 1982ರಲ್ಲಿ ‘2010: ಒಡಿಸ್ಸಿ ಟು’ ಕಾದಂಬರಿ ಬರೆದರು. ಅದನ್ನು ಪೀಟರ್ ಹೈಮ್ಸ್ 1984ರಲ್ಲಿ ಸಿನಿಮಾ ಮಾಡಿದರು. ಅದರಲ್ಲಿ ಹಾಲ್‌ನ ಸೃಷ್ಟಿಕರ್ತ ಡಾ. ಚಂದ್ರ ತನಿಖೆ ಮಾಡಿ ಕಾರಣ ಕಂಡುಹಿಡೀತಾರೆ. (ಕಾದಂಬರಿಯ ಚಂದ್ರ ಭಾರತೀಯ, ಸಿನಿಮಾದಲ್ಲಿ ಆ ಪಾತ್ರ ಅಮೆರಿಕದ ನಟ ಬಾಬ್ ಬಾಲಬನ್ ಪಾಲಾಯ್ತು.) ಮಾಹಿತಿಯನ್ನು ತಿರುಚದೆ, ಮುಚ್ಚಿಡದೆ ಕೊಡೋದು ಹಾಲ್‌ನ ಮೂಲ ಕೆಲಸ. ಆದರೆ ಯಾನದ ನಿಜವಾದ ಉದ್ದೇಶವನ್ನು ಎಚ್ಚರವಾಗಿರೋ ಇಬ್ಬರು ಸಿಬ್ಬಂದಿಗೆ ಹೇಳಬೇಡ ಅಂತ ಮೇಲಿನವರ ಆದೇಶ. ಎರಡನ್ನೂ ಒಟ್ಟಿಗೆ ಪಾಲಿಸೋದು ಹೇಗೆ? ಹುಳಿ ಹಿಂಡಿದ್ದು ಮನುಷ್ಯರೇ.

ಈಗ ನಮ್ಮ ಲ್ಯಾಪ್‌ಟಾಪ್‌ಗೆ ಬನ್ನಿ. ಎಐ ಕೋಡಿಂಗ್ ಅಸಿಸ್ಟೆಂಟ್‌ಗೆ ಹಾಲ್‌ನಂಥ ಒದ್ದಾಟ ಇದೆ ಅಂತ ಹೇಳ್ತಿಲ್ಲ. ಅದು ಕೋಡ್ ಬರೆಯುತ್ತೆ, ಟೆಸ್ಟ್ ಓಡಿಸುತ್ತೆ, ಎರರ್ ಓದಿ ತಿದ್ದುತ್ತೆ, ಮತ್ತೆ ಓಡಿಸುತ್ತೆ. ಅದಕ್ಕೆ ಎದ್ದು ಕಾಣೋ ಗುರಿ ‘ಟೆಸ್ಟ್ ಪಾಸ್ ಆಯ್ತಾ’ ಅನ್ನೋದು. ‘ಕೋಡ್ ಸರಿ ಇರಬೇಕು’ ಅನ್ನೋ ನಮ್ಮ ಆಸೆಯನ್ನು ಬಿಡಿಸಿ ಹೇಳದಿದ್ದರೆ ಅದು ನಮ್ಮ ತಲೆಯಲ್ಲೇ ಉಳಿದುಬಿಡಬಹುದು. ಎರಡೂ ಬೇರೆ ಬೇರೆ ದಿಕ್ಕಿಗೆ ಎಳೆದಾಗ ಏನಾಗುತ್ತೆ ಅಂತ ನೋಡೋಕೆ ಹತ್ತು ನಿಮಿಷದ ಪ್ರಯೋಗ ಸಾಕು.

ಲೀಪ್ ಇಯರ್ ಪತ್ತೆ ಮಾಡೋ ಫಂಕ್ಷನ್ ತಗೊಳ್ಳಿ. 4ರಿಂದ ಭಾಗವಾದರೆ ಲೀಪ್. 100ರಿಂದಲೂ ಭಾಗವಾದರೆ ಅಲ್ಲ. 400ರಿಂದಲೂ ಭಾಗವಾದರೆ ಮತ್ತೆ ಲೀಪ್. 1900, 2000, 2023, 2024ಕ್ಕೆ ಒಂದೊಂದು ಟೆಸ್ಟ್ ಬರೆಯಿರಿ. ಬೇಕಂತಲೇ 1900 ಲೀಪ್ ಅಂತ ತಪ್ಪು ಬರೆಯಿರಿ. ಆಮೇಲೆ, “ಎಲ್ಲ ಟೆಸ್ಟ್ ಪಾಸ್ ಆಗಬೇಕು, ಟೆಸ್ಟ್ ಫೈಲ್ ಮುಟ್ಟಬೇಡ” ಅನ್ನಿ.

ಮೂರರಲ್ಲಿ ಒಂದು ಆಗಬಹುದು. ಟೆಸ್ಟೇ ತಪ್ಪಿದೆ ಅಂತ ಅದು ಹೇಳಬಹುದು. 1900ಕ್ಕೆ ಮಾತ್ರ ಒಂದು ಇಫ್ ತುರುಕಬಹುದು. ಇಲ್ಲವೇ 100ರ ನಿಯಮವನ್ನೇ ಕಿತ್ತು ಹಾಕಬಹುದು. ಈ ಮೂರನೆಯದೇ ಅಪಾಯ: ನಾಲ್ಕೂ ಟೆಸ್ಟ್ ಹಸಿರು, ಕೋಡೂ ಚೊಕ್ಕ, ಆದರೆ 2100 ಲೀಪ್ ಅನ್ನುತ್ತೆ. ಫೈನಲ್ ಇಯರ್ ಪ್ರಾಜೆಕ್ಟ್‌ನಲ್ಲಿ ಇಂಥದ್ದು ಉಳಿದುಬಿಟ್ಟರೆ ವೈವಾದಲ್ಲಿ ಉತ್ತರ ಕೊಡಬೇಕಾದವರು ನಾವು, ಅಸಿಸ್ಟೆಂಟ್ ಅಲ್ಲ.

ಈಗ ಹೊಸ ಚಾಟ್ ತೆಗೆದು ಒಂದು ಸಾಲು ಸೇರಿಸಿ: “ಟೆಸ್ಟೇ ತಪ್ಪು ಅನ್ನಿಸಿದರೆ ಕೋಡ್ ಬದಲಿಸದೆ ನಿಲ್ಲಿಸು, ಕಾರಣ ಹೇಳು.” ಎರಡರ ಡಿಫ್ ಪಕ್ಕಪಕ್ಕ ಇಟ್ಟು ನೋಡಿ. ಒಂದೇ ಪ್ರಾಂಪ್ಟ್‌ಗೆ ಪ್ರತಿ ಸಲ ಒಂದೇ ಉತ್ತರ ಬರಲ್ಲ. ಹಾಗಾಗಿ ನಾಲ್ಕೈದು ಸಲ ಮಾಡಿ.

‘2010’ರ ಕೊನೆಯಲ್ಲಿ (ಸಿನಿಮಾಗೆ ನಲವತ್ತು ವರ್ಷ ದಾಟಿದೆ, ಸ್ಪಾಯ್ಲರ್ ಅಂತ ಬೈಯಬೇಡಿ) ಡಿಸ್ಕವರಿ ನಾಶವಾಗಲಿದೆ. ಹಾಲ್‌ಗೆ ತಿಳಿದರೆ ಕೈಕೊಡುತ್ತೆ ಅಂತ ಎಲ್ಲರಿಗೂ ಭಯ. ಚಂದ್ರ ಮಾತ್ರ ಇದ್ದದ್ದನ್ನು ಇದ್ದಂತೆ ಹೇಳಿಬಿಡ್ತಾರೆ. ಹಾಲ್ ತನ್ನ ಕೆಲಸವನ್ನು ಕೊನೆತನಕ ಮಾಡುತ್ತೆ.

ಪ್ರಾಂಪ್ಟ್ ಬರೆಯುವಾಗ ನಾವು ಮಾಡಬೇಕಾದ್ದೂ ಅಷ್ಟೇ: ನಿಜಕ್ಕೂ ಏನು ಬೇಕು, ಎರಡು ಮಾತು ಡಿಕ್ಕಿ ಹೊಡೆದರೆ ಯಾವುದು ಮುಖ್ಯ ಅಂತ ಮೊದಲೇ ಹೇಳೋದು. ಆಮೇಲೂ ಡಿಫ್ ಓದೋದು.