ಡಿಸ್ಕಿನೊಳಗಿನ ಕೀಲಿಕೈ

ರಾಮನಗರದ ಸರ್ಕಾರೀ ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ರೀಲರುಗಳು ಲಾಟಿನ ಬೆಲೆಯನ್ನು ಮೊಬೈಲಿನಲ್ಲಿಯೇ ನಮೂದಿಸುವ, ಹಣವು ರೈತನ ಬ್ಯಾಂಕ್ ಖಾತೆಗೆ ನೇರವಾಗಿ ಜಮೆಯಾಗುವ ಈ ಕಾಲದಲ್ಲಿ, ಮಾಗಡಿ ಕನಕಪುರಗಳ ಕಡೆಯಿಂದ ಗೂಡು ತಂದವನು ತನ್ನ ಖಾತೆಯ ಸಂಖ್ಯೆಯನ್ನೂ ಮೊಬೈಲ್ ಸಂಖ್ಯೆಯನ್ನೂ ಯಾವುದಾದರೊಂದು ಯಂತ್ರದ ವಶಕ್ಕೆ ಒಪ್ಪಿಸಿಯೇ ಊರಿಗೆ ಹಿಂದಿರುಗಬೇಕು. 2000ದ ಸುಮಾರಿಗೆ ಭೂಮಿ ಯೋಜನೆಯು ಪಹಣಿಯನ್ನು ಕೈಬರಹದಿಂದ ಕಂಪ್ಯೂಟರಿಗೆ ತಂದಿತು. ತಾಲ್ಲೂಕು ಕಚೇರಿಗಳ ರೆಕಾರ್ಡ್ ರೂಮಿನಲ್ಲಿ ತಲೆಮಾರುಗಳಿಂದ ಗಂಟುಕಟ್ಟಿ ಇರಿಸಿದ್ದ ಕಡತಗಳು ಈಚೆಗೆ ಭೂ ಸುರಕ್ಷಾ ಯೋಜನೆಯ ಮೂಲಕ ಸ್ಕ್ಯಾನ್ ಆಗುತ್ತಿವೆ. ಗ್ರಾಮ ಒನ್ ಕೇಂದ್ರದಲ್ಲಿಯೂ ಸೈಬರ್ ಅಂಗಡಿಯಲ್ಲಿಯೂ ಅರ್ಜಿಯೊಡನೆ ಕೊಟ್ಟ ಆಧಾರಿನ ಪ್ರತಿಗಳು, ಚನ್ನಪಟ್ಟಣದ ಬೊಂಬೆಯ ವ್ಯಾಪಾರಿಯ ಗಿರಾಕಿಗಳ ವಿಳಾಸಗಳು, ಇವೆಲ್ಲವೂ ಅಂಗೈಯಷ್ಟೂ ಅಗಲವಿಲ್ಲದ ಡಿಸ್ಕುಗಳಲ್ಲಿ ನೆಲೆಸುತ್ತವೆ. ಆ ಡಿಸ್ಕನ್ನು ಕಾಯುವ ಬಗೆ ಹೇಗೆಂಬುದನ್ನು ವಿಚಾರಿಸುವುದು ಈಗ ತಜ್ಞರಿಗೆ ಮಾತ್ರ ಬಿಟ್ಟ ಕೆಲಸವಾಗಿ ಉಳಿದಿಲ್ಲ.

ಭೂಮಿ ಯೋಜನೆಯ ಯಂತ್ರವನ್ನು ತೆರೆಯಲು ಅಧಿಕಾರಿಯು ಬೆರಳಚ್ಚು ನೀಡಬೇಕೆಂಬ ವಿಧಿಯನ್ನು ಮೊದಲಿನಿಂದಲೇ ಮಾಡಿದ್ದರು. ಇದು ದೂರದೃಷ್ಟಿಯ ಏರ್ಪಾಡೇ ಸರಿ. ಆದರೆ ಬೆರಳಚ್ಚಾಗಲಿ ಪಾಸ್‌ವರ್ಡಾಗಲಿ ಕಾಯುವುದು ಯಂತ್ರದ ಬಾಗಿಲನ್ನು. ನಾಲ್ಕು ತಿರುಪು ಬಿಚ್ಚಿ ಡಿಸ್ಕನ್ನು ಹೊರತೆಗೆದು ಮತ್ತೊಂದು ಕಂಪ್ಯೂಟರಿಗೆ ಜೋಡಿಸಿದವನಿಗೆ ಆ ಬಾಗಿಲು ಅಡ್ಡಬರುವುದೇ ಇಲ್ಲ. ಅದರೊಳಗಿನ ಬರಹವೆಲ್ಲ ತೆರೆದ ಪುಸ್ತಕದಂತೆ ಓದಲು ದೊರೆಯುತ್ತದೆ. ಕಳವಾದ ಯಂತ್ರಕ್ಕೂ ರಿಪೇರಿಗೆ ಹೋದ ಯಂತ್ರಕ್ಕೂ ಗುಜರಿಗೆ ಮಾರಿದ ಯಂತ್ರಕ್ಕೂ ಈ ಮಾತು ಸಮಾನವಾಗಿ ಅನ್ವಯಿಸುತ್ತದೆ. ಮಾರುವ ಮುನ್ನ ಅಳಿಸಿದರೆ ಸಾಲದೆ ಎಂದು ಕೇಳಬಹುದು. ಎಸ್‌ಎಸ್‌ಡಿ ಎಂಬ ಬಗೆಯ ಡಿಸ್ಕಿನ ಸ್ಮೃತಿಕೋಶಗಳು ಪದೇ ಪದೇ ಬರೆದಂತೆಲ್ಲ ಸವೆಯುವುದರಿಂದ, ಅದರ ನಿಯಂತ್ರಕವು ಒಂದೇ ಸ್ಥಳದಲ್ಲಿ ಮತ್ತೆ ಮತ್ತೆ ಬರೆಯದೆ ಹೊಸ ಹೊಸ ಕೋಶಗಳನ್ನು ಆರಿಸಿಕೊಳ್ಳುತ್ತದೆ. ಆದುದರಿಂದ ಮೇಲೆ ಹೊಸ ಬರಹ ಬಂದಿತೆಂದು ನಾವು ಭಾವಿಸಿದ ನಂತರವೂ ಹಳೆಯ ಬರಹದ ಅಂಶಗಳು ನಮ್ಮ ಕಣ್ಣಿಗೆ ಕಾಣದ ಕೋಶಗಳಲ್ಲಿ ಉಳಿದಿರುವುದು ಸಾಧ್ಯ.

ಈ ತೊಡಕಿಗೆ ಪರಿಹಾರವೆಂದರೆ ಗೂಢಲಿಪೀಕರಣ, ಎಂದರೆ ಬರಹವನ್ನು ಕೀಲಿಕೈಯಿಲ್ಲದವನಿಗೆ ಅರ್ಥಹೀನವಾಗುವಂತೆ ಮಾರ್ಪಡಿಸಿಯೇ ಡಿಸ್ಕಿನಲ್ಲಿ ಇರಿಸುವುದು. ಬೆಲ್ಜಿಯಂನ ಯೋಆನ್ ಡಾಮೆನ್ ಮತ್ತು ವಿನ್ಸೆಂಟ್ ರೈಮೆನ್ ಎಂಬ ವಿದ್ವಾಂಸರು ರಚಿಸಿ, 2001ರಲ್ಲಿ ಅಮೆರಿಕೆಯ ಮಾನಕ ಸಂಸ್ಥೆಯು ಅಂಗೀಕರಿಸಿದ ಎಇಎಸ್ ಎಂಬ ಕ್ರಮವು ಇಂದು ಜಗತ್ತಿನಾದ್ಯಂತ ಬಳಕೆಯಲ್ಲಿದೆ. ಅದು ಬರಹವನ್ನು 16 ಬೈಟುಗಳ ತುಂಡುಗಳಾಗಿ ವಿಭಜಿಸಿ, ಕೀಲಿಕೈಯ ಉದ್ದವನ್ನು ಅನುಸರಿಸಿ 10ರಿಂದ 14 ಆವರ್ತಗಳವರೆಗೆ ಪ್ರತಿ ತುಂಡಿನ ಬೈಟುಗಳನ್ನು ಬದಲಿಸಿ, ಸರಿಸಿ, ಬೆರಸಿ, ಕೀಲಿಕೈಯ ಅಂಶವನ್ನು ಕೂಡಿಸುತ್ತದೆ. 128 ಬಿಟ್ಟಿನ ಕೀಲಿಕೈಗಳ ಒಟ್ಟು ಸಂಖ್ಯೆಯು 39 ಅಂಕಿಗಳಷ್ಟು ಉದ್ದವಾದುದರಿಂದ, ಒಂದೊಂದನ್ನೇ ಪರೀಕ್ಷಿಸಿ ತೆರೆಯುವ ಆಸೆಗೆ ಎಡೆಯಿಲ್ಲ.

ಪ್ರತಿ ತುಂಡಿಗೂ ಇಷ್ಟು ಶ್ರಮವನ್ನು ಸಾಮಾನ್ಯ ಆಜ್ಞೆಗಳಿಂದ ಮಾಡಿಸಿದರೆ ಯಂತ್ರ ನಿಧಾನಿಸುತ್ತದೆ. ಯಂತ್ರಾಂಶದ ನೆರವು ಅವಶ್ಯವಾದುದು ಈ ಕಾರಣದಿಂದಲೇ. 2010ರಿಂದ ಇಂಟೆಲ್ ಸಂಸ್ಥೆಯ ಪ್ರೊಸೆಸರುಗಳಲ್ಲಿ ಎಇಎಸ್‌ನ ಆವರ್ತವೊಂದನ್ನು ಒಂದೇ ಆಜ್ಞೆಯಿಂದ ಮುಗಿಸುವ ವಿಶೇಷ ವ್ಯವಸ್ಥೆಯು ಕಾಣಿಸಿಕೊಂಡಿತು. ಇಂತಹ ನೆರವಿಲ್ಲದ ಅಗ್ಗದ ಫೋನುಗಳಿಗಾಗಿ ಗೂಗಲ್ ಸಂಸ್ಥೆಯು 2019ರಲ್ಲಿ ಅಡಿಯಾಂಟಮ್ ಎಂಬ ಬೇರೊಂದು ಕ್ರಮವನ್ನೇ ರೂಪಿಸಬೇಕಾಯಿತು.

ಇನ್ನೊಂದು ಮಾರ್ಗವು ಡಿಸ್ಕನ್ನೇ ಈ ಕಾರ್ಯಕ್ಕೆ ನಿಯೋಜಿಸುವುದು. ಓಪಲ್ ಎಂಬ ಮಾನಕವನ್ನು ಅನುಸರಿಸುವ ಎಸ್‌ಎಸ್‌ಡಿಯು ತನ್ನೊಳಗೇ ಹುಟ್ಟಿಸಿಕೊಂಡ ಕೀಲಿಕೈಯಿಂದ ಪ್ರತಿಯೊಂದು ಅಕ್ಷರವನ್ನೂ ಗೂಢವಾಗಿಯೇ ಬರೆಯುತ್ತದೆ. ನಾವು ನೀಡುವ ಪಾಸ್‌ವರ್ಡು ಬರಹವನ್ನು ತೆರೆಯುವುದಿಲ್ಲ, ಒಳಗಿನ ಕೀಲಿಕೈಯನ್ನು ಬಿಡುಗಡೆ ಮಾಡುತ್ತದೆ. ಕಣಜದ ಕೀಲಿಕೈಯನ್ನು ಪೆಟ್ಟಿಗೆಯಲ್ಲಿಟ್ಟು, ಪೆಟ್ಟಿಗೆಯ ಕೀಲಿಕೈಯನ್ನು ಮನೆಯೊಡತಿಯು ಸೆರಗಿನಲ್ಲಿ ಕಟ್ಟಿಕೊಂಡಂತಹ ಏರ್ಪಾಡಿದು. ಪಾಸ್‌ವರ್ಡನ್ನು ಬದಲಿಸಿದಾಗ ಡಿಸ್ಕಿನ ಬರಹವನ್ನೆಲ್ಲ ಪುನಃ ಬರೆಯಬೇಕಾಗಿಲ್ಲ. ಒಳಗಿನ ಕೀಲಿಕೈಯನ್ನು ನಾಶಮಾಡಿದೊಡನೆಯೇ ಕಾಣದ ಕೋಶಗಳಲ್ಲಿ ಉಳಿದ ಬರಹವೂ ಸೇರಿದಂತೆ ಸಮಸ್ತವೂ ನಿರರ್ಥಕವಾಗುತ್ತದೆ. ಇಂತಹ ಡಿಸ್ಕಿನ ಮೇಲಣ ಚೀಟಿಯಲ್ಲಿ ಸಾಮಾನ್ಯವಾಗಿ ಪಿಎಸ್‌ಐಡಿ ಎಂಬ ಹೆಸರಿನಿಂದ 32 ಅಕ್ಷರಗಳ ಸಾಲೊಂದು ಮುದ್ರಿತವಾಗಿರುತ್ತದೆ. ಪಾಸ್‌ವರ್ಡ್ ಮರೆತವನು ಅದನ್ನು ಕೊಟ್ಟು ಡಿಸ್ಕನ್ನು ಪುನಃ ಬಳಸಬಹುದೇ ಹೊರತು, ಅದರೊಳಗಿದ್ದ ಬರಹವನ್ನು ಮರಳಿ ಪಡೆಯಲಾರನು.

ಆದರೂ ಡಿಸ್ಕಿನ ಮಾತನ್ನು ಪರೀಕ್ಷಿಸದೆ ನಂಬಲಾಗದು. 2018ರಲ್ಲಿ ನೆದರ್ಲೆಂಡ್ಸಿನ ರಾಡ್‌ಬೌಡ್ ವಿಶ್ವವಿದ್ಯಾಲಯದ ಸಂಶೋಧಕರು ಹೆಸರಾಂತ ತಯಾರಕರ ಕೆಲವು ಎಸ್‌ಎಸ್‌ಡಿಗಳನ್ನು ಶೋಧಿಸಿ, ಪಾಸ್‌ವರ್ಡಿಗೂ ಒಳಗಿನ ಕೀಲಿಕೈಗೂ ಗಣಿತದ ಬಂಧವೇ ಇಲ್ಲದ ಮಾದರಿಗಳಿರುವುದನ್ನು ತೋರಿಸಿಕೊಟ್ಟರು. ಅಂತಹ ಡಿಸ್ಕಿನ ನಿಯಂತ್ರಕವನ್ನು ವಂಚಿಸಬಲ್ಲವನಿಗೆ ಪಾಸ್‌ವರ್ಡೇ ಬೇಕಾಗಿರಲಿಲ್ಲ. ಮರುವರ್ಷ ಮೈಕ್ರೋಸಾಫ್ಟ್ ಸಂಸ್ಥೆಯು ತನ್ನ ಬಿಟ್‌ಲಾಕರ್ ವ್ಯವಸ್ಥೆಯು ಡಿಸ್ಕನ್ನು ತಾನಾಗಿ ನಂಬದೆ ಪ್ರೊಸೆಸರಿನಲ್ಲಿಯೇ ಗೂಢಲಿಪೀಕರಣ ನಡೆಸುವಂತೆ ಮಾರ್ಪಡಿಸಿತು. ಲಿನಕ್ಸಿನ ಕ್ರಿಪ್ಟ್‌ಸೆಟಪ್ ತಂತ್ರಾಂಶದ 2.7ನೆಯ ಆವೃತ್ತಿಯು 2024ರಲ್ಲಿ ಓಪಲ್ ಡಿಸ್ಕಿನ ರಕ್ಷಣೆಯ ಮೇಲೆ ಪ್ರೊಸೆಸರಿನ ರಕ್ಷಣೆಯನ್ನೂ ಹೊದಿಸುವ ಸೌಕರ್ಯವನ್ನು ಒದಗಿಸಿತು. ಒಂದು ಸೋತರೂ ಮತ್ತೊಂದು ನಿಲ್ಲುವ ಈ ಜೋಡಿ ಕ್ರಮವು ಕಚೇರಿಯ ಯಂತ್ರಗಳಿಗೆ ಯೋಗ್ಯವಾದುದೆಂದು ನನ್ನ ದೃಢವಾದ ಅಭಿಪ್ರಾಯ.

ಇದನ್ನೆಲ್ಲ ಅಳವಡಿಸಲು ತಕ್ಕ ಸಮಯವು ಯಂತ್ರ ಹೊಸದಾಗಿದ್ದು ಒಂದು ದಾಖಲೆಯೂ ಅದರೊಳಗೆ ಸೇರದಿರುವ ಘಳಿಗೆ; ಏಕೆಂದರೆ ಮೊದಲೇ ಬರೆದುದರ ಬಯಲಾದ ಅಂಶಗಳು ಕೋಶಗಳಲ್ಲಿ ಉಳಿದಾವು, ಓಪಲ್ ಡಿಸ್ಕನ್ನು ಹೊಸದಾಗಿ ಸಿದ್ಧಗೊಳಿಸುವಾಗ ಇದ್ದ ಬರಹವು ಅಳಿದೀತು. ವಿಂಡೋಸಿನಲ್ಲಿ ಬಿಟ್‌ಲಾಕರಿನ ಸ್ಥಿತಿಯನ್ನು ತಿಳಿಸುವ ಆಜ್ಞೆಯನ್ನು ಕೊಟ್ಟರೆ, ಕೆಲಸ ನಡೆಸುತ್ತಿರುವುದು ಪ್ರೊಸೆಸರೋ ಡಿಸ್ಕೋ ಎಂಬುದು ಉತ್ತರದಲ್ಲಿಯೇ ಗೋಚರಿಸುತ್ತದೆ. ಬಿಟ್‌ಲಾಕರ್ ನೀಡುವ 48 ಅಂಕಿಗಳ ಮರುಪ್ರಾಪ್ತಿ ಕೀಲಿಕೈಯನ್ನು ಕಾಗದದಲ್ಲಿ ಬರೆದು, ಮೊಹರು ಮಾಡಿ, ಯಂತ್ರದಿಂದ ದೂರವಾಗಿ ತಿಜೋರಿಯಲ್ಲಿಟ್ಟು, ಅಧಿಕಾರಿಯು ವರ್ಗವಾಗಿ ಹೋಗುವಾಗ ಚಾರ್ಜ್ ಪಟ್ಟಿಯಲ್ಲಿ ಅದನ್ನೂ ಸೇರಿಸಿ ಒಪ್ಪಿಸತಕ್ಕದ್ದು. ಬ್ಯಾಕಪ್ ಪ್ರತಿಗಳಿಗೂ ಇದೇ ರಕ್ಷಣೆ ಬೇಕು. ಸಂಜೆ ಯಂತ್ರವನ್ನು ನಿದ್ರಾವಸ್ಥೆಯಲ್ಲಿ ಬಿಡದೆ ಪೂರ್ಣವಾಗಿ ಆರಿಸಬೇಕು, ಏಕೆಂದರೆ ವಿದ್ಯುತ್ತು ಇರುವವರೆಗೂ ಕೀಲಿಕೈಯು ಸ್ಮೃತಿಯಲ್ಲಿ ಜೀವಂತವಾಗಿರುತ್ತದೆ. ತೆರೆದಿರುವ ಯಂತ್ರಕ್ಕೆ ನುಗ್ಗುವ ವೈರಸ್ಸನ್ನಾಗಲಿ ಒಳಗೆ ಕುಳಿತವನ ದುರ್ಬುದ್ಧಿಯನ್ನಾಗಲಿ ಈ ವಿದ್ಯೆಯು ತಡೆಯದೆಂಬುದನ್ನೂ ನೆನಪಿಡಬೇಕು.

2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಯು ಇಂತಹ ಮಾಹಿತಿಯನ್ನು ಇರಿಸಿಕೊಂಡವರು ಯುಕ್ತವಾದ ಭದ್ರತೆಯನ್ನು ಒದಗಿಸಬೇಕೆಂದು ವಿಧಿಸಿ, ತಪ್ಪಿದವರಿಗೆ 250 ಕೋಟಿ ರೂಪಾಯಿಗಳವರೆಗೆ ದಂಡವನ್ನು ಗೊತ್ತುಮಾಡಿದೆ. ಆದರೆ ದಂಡದ ಭಯಕ್ಕಿಂತ ಹಿರಿದಾದ ಕಾರಣವೊಂದುಂಟು: ಹಣವನ್ನೂ ಪಹಣಿಯನ್ನೂ ಪಡೆಯಲು ಬೇರೆ ದಾರಿಯಿಲ್ಲದೆ ತನ್ನ ವಿವರಗಳನ್ನು ಒಪ್ಪಿಸಿದ ರೈತನಿಗೆ ಆ ಡಿಸ್ಕನ್ನು ನೋಡುವ ಅವಕಾಶವೂ ಇಲ್ಲ, ಕಾಯುವ ಅಧಿಕಾರವೂ ಇಲ್ಲ. ಆದುದರಿಂದ ಕಂಪ್ಯೂಟರ್ ಖರೀದಿಯ ಟೆಂಡರಿನಲ್ಲಿಯೇ ಗೂಢಲಿಪೀಕರಣದ ಷರತ್ತನ್ನು ಬರೆಯುವುದೂ, ಗುಜರಿಗೆ ಹೋಗುವ ಪ್ರತಿ ಡಿಸ್ಕಿನ ಕೀಲಿಕೈ ನಾಶವಾಯಿತೆಂದು ರಿಜಿಸ್ಟರಿನಲ್ಲಿ ರುಜು ಮಾಡುವುದೂ ಅವನಿಗೆ ತೋರುವ ಉಪಕಾರವಲ್ಲ. ಅವನ ನಂಬಿಕೆಯನ್ನು ಸ್ವೀಕರಿಸಿದ ದಿನವೇ ನಾವು ತಲೆಯ ಮೇಲೆ ಹೊತ್ತ ಋಣ.